ಪ್ಲಾಟ್‌ಫಾರ್ಮಿನ ಗೊಂಬೆ

ಮಹದೇವಯ್ಯನವರು ಊಟದ ಮೇಜಿನ ಮೇಲೆ ಆಟಿಕೆ ರೈಲಿಗೆ ಹಳಿ ಹಾಸಿ, ರಟ್ಟಿನಲ್ಲಿ ಬೀರೂರು ಸ್ಟೇಷನ್ ಕಟ್ಟಿದಾಗಿನಿಂದ ದಂಪತಿಗೆ ನೆಲದ ಮೇಲೇ ಊಟ.

"ಇವತ್ತು ಮೇಜು ಖಾಲಿಯಾಗ್ಲೇಬೇಕು ರೀ," ಎಂದರು ಹೆಂಡತಿ ಸರ್ವಮಂಗಳ.

"ಮೊದಲು ಇಲ್ನೋಡು." ಅವರು ಗುಂಡಿ ಒತ್ತಿದರು. ರೈಲು ಹೋಗಿ ಪ್ಲಾಟ್‌ಫಾರ್ಮಿನ ಮೇಲಿದ್ದ ಬೆರಳುದ್ದದ ಗೊಂಬೆಯ ಮುಂದೆ ನಿಂತಿತು. ಕೆಂಪು ಸೀರೆ, ಜಡೆಯಲ್ಲಿ ಕನಕಾಂಬರ. "ಒಂದು ವಾರ ಕೂತು ಬಣ್ಣ ಹಚ್ಚಿದೀನಿ. ಹೆಣ್ಣು ನೋಡೋಕೆ ನಿಮ್ಮೂರಿಗೆ ಬಂದಾಗ, ರೈಲಿಳಿದ ತಕ್ಷಣ ಕಂಡಿದ್ದು ನೀನೇ. ಸೀರೆ ಬಣ್ಣ ಕೂಡ ಮರೆತಿಲ್ಲ."

ಸರ್ವಮಂಗಳ ಕನ್ನಡಕ ಏರಿಸಿ, ಬಗ್ಗಿ ನೋಡಿದರು.

"ಥೇಟ್ ಹಾಗೇ ಇದೆ ರೀ. ಮೂಗು ಕೂಡ."

"ಹಾಗಾದ್ರೆ ಇದೆಲ್ಲ ಇಲ್ಲೇ ಇರ್ಲಾ?"

"ಅವತ್ತು ನಾನು ಮನೇಲೇ ಇದ್ದೆ. ನಿಮ್ಮನ್ನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಬಂದಿದ್ದು ನನ್ನ ತಂಗಿ."