ಕಂಠದಾನ

ಸತ್ತ ನಟರೆಲ್ಲರಂತೆ ಶಶಿಕಿರಣ್ ಕೂಡ ಶುಕ್ರವಾರ ಮಧ್ಯಾಹ್ನ ಟೀವಿಯಲ್ಲಿ ಸಂದರ್ಶನ ಕೊಡುತ್ತಿದ್ದ.

"ನನ್ನ ಗುಟ್ಟಿನ ಪ್ರೇಮ ಇವತ್ತು ಹೇಳಿಬಿಡ್ತೀನಿ," ಎಂದ.

"ಹೋದ ವಾರ ಬೇರೆ ಹೆಸರು ಹೇಳಿದ್ದ. ಬರೀ ಬುರುಡೆ! ಯಾಕಕ್ಕಾ ನೋಡ್ತೀಯ?" ಎಂದಳು ತಂಗಿ ಇಂದಿರಾ.

"ನೋಡ್ತಿಲ್ಲ ಕಣೇ, ಕೇಳ್ತಿದ್ದೀನಿ," ಎಂದಳು ಪಂಕಜಾ.

ಶಶಿಕಿರಣ್‌ನ ಎಲ್ಲ ಚಿತ್ರಗಳಿಗೂ ಕಂಠದಾನ ಮಾಡಿದ್ದು ಅವಳ ಗಂಡ. ಅವನೂ ಈಗಿಲ್ಲ. ಟೀವಿಯವರು ಕಂಪ್ಯೂಟರಿನಲ್ಲಿ ಎಬ್ಬಿಸಿ ಕೂರಿಸಿದ ಈ ಶಶಿಕಿರಣ್‌ಗೂ ಆ ದನಿಯನ್ನೇ ಹಾಕಿದ್ದರು.

ಪ್ರೇಕ್ಷಕರ ಸರದಿ ಬಂದಾಗ ಪಂಕಜಾಳ ಫೋನು ಕೊನೆಗೂ ಸಿಕ್ಕಿತು. ಅವಳು ಗುಟ್ಟೇನೂ ಕೇಳಲಿಲ್ಲ.

"ಊಟ ಆಯ್ತಾ?"

ಮಾತಿಗೆ ಮುಂಚಿನ ಅದೇ ಸಣ್ಣ ಕೆಮ್ಮು.

"ಆಯ್ತು. ನಿಮ್ಮದಾಯ್ತಾ ಮೇಡಂ?"

ಮೂವತ್ತು ವರ್ಷ ಆ ದನಿ ಅವಳನ್ನು 'ನಿಂದಾಯ್ತೇನೇ' ಎಂದು ಕೇಳಿತ್ತು.

"ಇನ್ನೂ ಇಲ್ಲ," ಎಂದು ಪಂಕಜಾ ಫೋನು ಇಡದೆ ಕಾದಳು.