ಎತ್ತು ನೆಕ್ಕಿದ ತೋಳು

ಬಿಸಿಲಲ್ಲಿ ನಡೆದು ಬಂದ ದಿನ ಕಳಚಿಟ್ಟ ಕುಪ್ಪಸದ ಬೆನ್ನಲ್ಲಿ ಬೆವರು ಆರಿ ಬಿಳಿ ಗೆರೆ ಮೂಡಿರುತ್ತದಲ್ಲ, ಅದನ್ನು ಒಡನೆ ತೊಳೆಯಲು ಇವತ್ತಿಗೂ ನನಗೆ ಮನಸ್ಸಾಗುವುದಿಲ್ಲ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ; ಶಹಾಪುರದ ಕಡೆಯ ನಮ್ಮೂರಿಗೆ ಆಗಷ್ಟೇ ಕಾಲುವೆಯ ನೀರು ಬಂದಿತ್ತು. ಜೋಳದ ಹೊಲ ಭತ್ತದ ಗದ್ದೆಯಾಗಿತ್ತು. ಆ ಮಧ್ಯಾಹ್ನ ನಾನು ಬುತ್ತಿ ಒಯ್ದಾಗ, ಮುಂಜಾನೆಯಿಂದ ಕೆಸರಲ್ಲಿ ದುಡಿದಿದ್ದ ಅಪ್ಪ ನೊಗ ಇಳಿಸಿ, ಮುಖ ಕೂಡ ತೊಳೆಯದೆ ಬೇವಿನ ನೆರಳಿಗೆ ಬಂದು ಕುಳಿತ. ದಿನದ ರೂಢಿಯಂತೆ ತೋಳು ಚಾಚಿದ. ನಮ್ಮ ಜೋಡೆತ್ತಿನಲ್ಲಿ ಒಂದಾದ ಕೆಂದ ಅದನ್ನು ನಿಧಾನಕ್ಕೆ ನೆಕ್ಕತೊಡಗಿತು. ಒರಟು ನಾಲಿಗೆ ಚರ್ಮ ಉಜ್ಜುವ ಸರಸರ ಸದ್ದು ನನಗೂ ಕೇಳುತ್ತಿತ್ತು.

ನಾನು ಮುಖ ಸಿಂಡರಿಸಿದೆ. “ಅಪ್ಪಾ, ಬೆವರು ಹೊಲಸು. ಮೈಗಿ ಬ್ಯಾಡಾದದ್ದು ಚರ್ಮದಿಂದ ಹೊರಗ ಬರ್ತದಂತ, ಸಾಲ್ಯಾಗ ಸರ್ ಹೇಳ್ಯಾರ. ತೊಳ್ಕೋ ಹೋಗು.”

ಅಪ್ಪ ನಕ್ಕ. “ಸರ್ ಖರೇನೇ ಹೇಳ್ಯಾರವ್ವ. ಆದ್ರ ನನ್ನ ಮೈಗಿ ಬ್ಯಾಡಾದ ಉಪ್ಪು ಇದಕ್ಕ ಬೇಕಾಗ್ಯಾದ. ಮುಂಜಾನಿಂದ ಇದೂ ನನ್ನ ಸಂಗಾಟ ಬೆವತಾದ. ನೆಕ್ಕಲಿ ಬಿಡು, ಆಮ್ಯಾಲ ಇಬ್ಬರೂ ಕೂಡೇ ಮೈ ತೊಳ್ಕೋತೀವಿ.”

ಅವನ ಮಾತು ಕೇಳಿ ನನಗೂ ಆಸೆಯಾಯಿತು. ಕಾಲುವೆಯಲ್ಲಿ ಆಗತಾನೇ ತೊಳೆದುಕೊಂಡಿದ್ದ ನನ್ನ ತಣ್ಣನೆಯ ತೋಳನ್ನು ಕೆಂದನ ಮೂತಿಗೆ ಹಿಡಿದೆ. ಅದು ಒಮ್ಮೆ ಮೂಸಿ ನೋಡಿತು. ಬಿಸಿಯುಸಿರು ಬಿಟ್ಟು, ಮತ್ತೆ ಅಪ್ಪನ ತೋಳಿಗೇ ತಿರುಗಿತು.