ಬೀಟ್‌ರೂಟ್ ಹನಿಗಳು

ಶಿಕಾಗೊದ ದುಬಾರಿ ಹೋಟೆಲೊಂದರ ಬಾಣಸಿಗ ಎಲ್ಡನ್, ದೇಶಕ್ಕೇ ದೊಡ್ಡದೆನಿಸಿದ ಪ್ರಶಸ್ತಿ ಪಡೆದದ್ದು ಬೀಟ್‌ರೂಟ್ ರಸದ ಹನಿಗಳಿಂದ. ಮೀನಿನ ಸುತ್ತ ಅವನು ಚಿಮುಕಿಸಿದ ಆ ಹನಿಗಳಲ್ಲಿ ವಿಮರ್ಶಕರಿಗೆ ನಕ್ಷತ್ರಲೋಕವೇ ಕಂಡಿತ್ತು. ತಿನ್ನುವವರು ತಟ್ಟೆ ವಾಪಸ್ ಕಳಿಸಿಬಿಟ್ಟರೆ ಎಂಬ ಹೆದರಿಕೆಗೆ ಕೈ ಗಡಗಡ ನಡುಗಿ ರಸ ಚೆಲ್ಲುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ತನ್ನ ಪುಕ್ಕಲುತನಕ್ಕೆ ಪದಕ ಕೊಟ್ಟಿದ್ದಾರಲ್ಲ ಎಂದು ನಾಚಿಕೆಯಾಗಿ, ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದು ನುಂಗಿದ.

ತಿಂಗಳಾದ ಮೇಲೆ ಮತ್ತೆ ಅವರೆದುರು ಕೂತಿದ್ದ.

“ಕೈ ಹೇಗಿದೆ?”

“ಬಂಡೆ ಹಾಗೆ ನಿಂತಿದೆ ಡಾಕ್ಟ್ರೇ. ನನ್ನ ಹೊಟ್ಟೆ ಮೇಲೆ ಹೊಡೆದ್ರಿ.”

“ಗುಣ ಆಗಿದೆಯಲ್ರೀ!”

“ಗುಣ ಆಗಿದ್ದೇ ಕಷ್ಟ. ಹನಿಗಳೀಗ ಶಾಲೆ ಮಕ್ಕಳ ಹಾಗೆ ಸಾಲಾಗಿ ಬೀಳ್ತವೆ. ತಟ್ಟೆಗಳು ವಾಪಸ್ ಬರ್ತಿವೆ. ಇದು ಎಲ್ಡನ್ ಕೈಯ ಅಡುಗೆಯಲ್ಲ, ಯಾರೋ ನಕಲು ಮಾಡಿದಾರೆ ಅಂತಾರೆ. ಯಜಮಾನರು ಬೇರೆಯವರನ್ನ ಹುಡುಕ್ತಿದಾರೆ.”

“ಮಾತ್ರೆ ಬಿಟ್ಟುಬಿಡಿ.”

“ಯಾವಾಗಲೋ ಬಿಟ್ಟೆ. ಕೆಲಸ ಹೋಗುತ್ತೆ ಅಂತ ಎದೆ ಡವಡವ ಅಂತಿದೆ, ಈ ಹಾಳು ಕೈ ಮಾತ್ರ ಅಲ್ಲಾಡಲ್ಲ. ದಮ್ಮಯ್ಯ, ನಡುಗೋದಕ್ಕೆ ಏನಾದ್ರೂ ಬರ್ಕೊಡಿ!”

ಡಾಕ್ಟರು ಪೆನ್ನು ಎತ್ತಿಕೊಂಡರು. ಅವರ ಬೆರಳುಗಳು ಗಡಗಡ ನಡುಗಿ, ಪೆನ್ನು ಜಾರಿ ಮೇಜಿನ ಮೇಲೆ ಬಿತ್ತು.

“ನನಗೆ ಆ ಮಾತ್ರೆ ನಾಟಲೇ ಇಲ್ಲ ನೋಡಿ. ಇದರಿಂದಾಗೇ ಆಪರೇಷನ್ ಮಾಡೋದು ಬಿಟ್ಟೆ,” ಎಂದು ಅವರು ದನಿ ತಗ್ಗಿಸಿದರು. “ಅಂದಹಾಗೆ, ನಿಮ್ಮ ಯಜಮಾನರಿಗೆ ಇನ್ನೂ ಯಾರೂ ಸಿಕ್ಕಿಲ್ಲ ತಾನೇ?”